ಕಾರು ನಿಲ್ಲುವ ಜಾಗದಲ್ಲಿ ಎರಡು ಗಂಟೆಯ ಪಾರ್ಕು

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಸಂಜೆ ಹೊತ್ತು ಕಾರು ನಿಲ್ಲಿಸಲು ಜಾಗ ಸಿಕ್ಕವರೇ ಪುಣ್ಯವಂತರು. ಕಾಲು ನೋವೆಂದು ಕೂರಲು ಜಾಗ ಹುಡುಕುವವರ ಪಾಡು ಅದಕ್ಕಿಂತ ಕಷ್ಟ. ಅವರಿಗೆ ಅಂಗಡಿಯ ಮೆಟ್ಟಿಲೇ ಗತಿ, ತಪ್ಪಿದರೆ ಯಾರದೋ ಸ್ಕೂಟರಿನ ಸೀಟು.

ರಸ್ತೆಯಂಚು ಕಾರಿಗೆ ಮಾತ್ರವೇ ಮೀಸಲೇ ಎಂಬ ಪ್ರಶ್ನೆಯನ್ನು ತಮಾಷೆಯಾಗಿ ಕೇಳಿದವರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದವರು. 1970ರಲ್ಲೇ ಅಲ್ಲಿ ಬಾನಿ ಓರಾ ಶೆರ್ಕ್ ಎಂಬ ಕಲಾವಿದೆ ಹೆದ್ದಾರಿಯ ಬಳಿ ಹುಲ್ಲು ಹಾಸಿ, ತಾಳೆ ಜಾತಿಯ ಗಿಡಗಳನ್ನಿಟ್ಟು, ಹಸು ಕರುಗಳನ್ನೂ ತಂದು ಕಟ್ಟಿದ್ದರು. ಮುಂದೆ 2005ರ ನವೆಂಬರ್ 16ರಂದು ರೀಬಾರ್ ಎಂಬ ವಿನ್ಯಾಸಕಾರರ ತಂಡ ಪಾರ್ಕಿಂಗ್ ಮೀಟರಿಗೆ, ಅಂದರೆ ನಿಲುಗಡೆಯ ಬಾಡಿಗೆ ವಸೂಲು ಮಾಡುವ ರಸ್ತೆಬದಿಯ ಯಂತ್ರಕ್ಕೆ, ಎರಡು ಗಂಟೆಯ ಚಿಲ್ಲರೆ ಹಾಕಿ, ಒಂದು ಕಾರಿನ ಜಾಗದಲ್ಲಿ ಹುಲ್ಲಿನ ಸುರುಳಿ ಬಿಚ್ಚಿ, ಒಂದು ಬೆಂಚು, ಒಂದು ಮರದ ಕುಂಡ ಇಟ್ಟಿತು. ಎರಡು ಗಂಟೆ ಮುಗಿಯುತ್ತಲೇ ಹುಲ್ಲು ಸುತ್ತಿ, ನೆಲ ಗುಡಿಸಿ ಹೊರಟಿತು. ಬಾಡಿಗೆ ಕೊಟ್ಟ ಜಾಗದಲ್ಲಿ ಕಾರನ್ನೇ ನಿಲ್ಲಿಸಬೇಕೇ ಎಂಬುದು ಅವರ ವಾದ. ಕಿಲಾಡಿ ವಾದವೇ ಸರಿ.

ಮರುವರ್ಷದಿಂದ ಅದು ‘ಪಾರ್ಕಿಂಗ್ ಡೇ’ ಆಯಿತು. ಸೆಪ್ಟೆಂಬರಿನ ಮೂರನೇ ಶುಕ್ರವಾರ ಅದರ ದಿನ. ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತಿನ ಮೇಲೆ ತಂಡ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2011ರ ಹೊತ್ತಿಗೆ 35 ದೇಶಗಳ 162 ನಗರಗಳಲ್ಲಿ ಇಂಥ 975 ಪಾರ್ಕುಗಳು ಎದ್ದು ಇಳಿದವು. ಸ್ಯಾನ್ ಫ್ರಾನ್ಸಿಸ್ಕೊ ಆಡಳಿತವೇ 2010ರಿಂದ ಅನುಮತಿ ಕೊಟ್ಟು ‘ಪಾರ್ಕ್‌ಲೆಟ್’ಗಳನ್ನು, ಅಂದರೆ ಕಾರು ನಿಲ್ಲುವ ಜಾಗದ ಇಂಥ ಪುಟ್ಟ ಪಾರ್ಕುಗಳನ್ನು, ಉಳಿಸಿಕೊಂಡಿತು. ಕೋವಿಡ್ ಬಂದಾಗ ಎಷ್ಟೋ ಊರುಗಳಲ್ಲಿ ಅದೇ ಜಾಗಕ್ಕೆ ಹೋಟೆಲುಗಳ ಮೇಜು ಕುರ್ಚಿಗಳು ಇಳಿದವು. ಪುಕ್ಕಟೆ ಕೂರುವ ಬೆಂಚು ಕಾಫಿ ಕೊಂಡವರ ಕುರ್ಚಿಯಾದದ್ದು ನನಗಂತೂ ರುಚಿಸಲಿಲ್ಲ.

ಮೈಸೂರಿಗೆ ಈ ಉಪಾಯವನ್ನು ಹಾಗೆಯೇ ತರಲಾಗದು. ರಸ್ತೆಬದಿಯಲ್ಲಿ ಮೀಟರೇ ಇಲ್ಲದ ಮೇಲೆ ಚಿಲ್ಲರೆ ಹಾಕುವುದೆಲ್ಲಿ? ಶುಲ್ಕದ ಮಾತೆತ್ತಿದರೆ ಗಿರಾಕಿ ಮಾಲ್‌ಗೆ ಹೋಗುತ್ತಾನೆಂದು ವರ್ತಕರಿಗೆ ಆತಂಕ. ಪುಕ್ಕಟೆ ಪಾರ್ಕಿಂಗಿನ ವೆಚ್ಚವನ್ನು ಕಾರಿಲ್ಲದವರೂ ತೆರುತ್ತಾರೆಂದು ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ 2005ರಲ್ಲೇ ದಪ್ಪ ಪುಸ್ತಕ ಬರೆದರು. ಒಂದು ಕಾರಿಗೆ ಬೇಕಾದ 2.5 ಮೀಟರ್ ಅಗಲ, 5 ಮೀಟರ್ ಉದ್ದದ ನೆಲ ವಠಾರದ ಮನೆಯೊಂದರ ನಡುಮನೆಯಷ್ಟಾಗುತ್ತದೆ. ಅದನ್ನು ದಿನವಿಡೀ ಬಾಡಿಗೆಯಿಲ್ಲದೆ ಕೊಡುತ್ತಿದ್ದೇವೆ.

ಆದರೆ ರಸ್ತೆಯನ್ನು ಕೆಲಹೊತ್ತು ಜನರ ಕೈಗೆ ಕೊಡುವುದು ನಮಗೇನೂ ಹೊಸದಲ್ಲ. ಗಣಪತಿ ಹಬ್ಬ ಬಂತೆಂದರೆ ಮೊಹಲ್ಲಾಗಳಲ್ಲಿ ಅಡ್ಡಲಾಗಿ ಶಾಮಿಯಾನ ಏಳುತ್ತದೆ. ಗೂಟ ಹೊಡೆದ ತೂತುಗಳು ಡಾಂಬರಿನ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯೇ ಬಂದು, ಪೇಪರ್ ಹಾಸಿಕೊಂಡು, ಬುತ್ತಿ ಬಿಚ್ಚಿ ಕೂರುವವರಿಗೆ ಯಾವ ಕೈಪಿಡಿಯೂ ಬೇಕಾಗಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ತಡೆದಾಗಲೂ ಜನ ಸಲೀಸಾಗಿ ನಡೆದಾಡಿದರು.

ಹಾಗಾಗಿ ಇಲ್ಲಿ ಬಾಡುವ ಹುಲ್ಲಿಗಿಂತ ನೆರಳಿನ ಬಟ್ಟೆ, ನಾಲ್ಕು ಬೆಂಚು ಸಾಕು. ಪಾಲಿಕೆ ಮತ್ತು ಸಂಚಾರ ಪೊಲೀಸರ ಒಪ್ಪಿಗೆ ಮಾತ್ರ ಬೇಕೇ ಬೇಕು. ನನ್ನ ಅಂಜಿಕೆ ಬೇರೆ. ಆ ರಸ್ತೆಯಂಚಿನಲ್ಲಿ ಕಾರಿನ ಜೊತೆಗೆ ಚುರುಮುರಿ ಗಾಡಿಯವರೂ ಹೂವಿನವರೂ ಇದ್ದಾರೆ. ಕಾರನ್ನು ಕದಲಿಸುವ ಧೈರ್ಯವಿಲ್ಲದೆ, ಪಾರ್ಕಿನ ನೆಪದಲ್ಲಿ ಅವರನ್ನೇ ಎಬ್ಬಿಸುವುದು ಸುಲಭ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಬೆಂಚು ಎಲ್ಲಿ ಹಾಕಬೇಕೆಂದು ಮೊದಲು ಅವರನ್ನು ಕೇಳಲಿ.