ಕಾರ್ಬಮಜೆಪೈನ್ ಬರೆಯುವ ಮುಂಚೆ ಒಂದು ರಕ್ತ ಪರೀಕ್ಷೆ

"ಡಾಕ್ಟ್ರೇ, ಚಿಕ್ಕವಳಿಗೂ ಒಂದು ಜೀನ್ ಟೆಸ್ಟ್ ಮಾಡಿಸಿಬಿಡೋಣ್ವಾ?"

ಕೇಳಿದವರು ಬೈಪೋಲಾರ್, ಅಂದರೆ ಮನಸ್ಸು ಕೆಲವು ದಿನ ವಿಪರೀತ ಉಬ್ಬಿ ಕೆಲವು ದಿನ ಕುಗ್ಗಿಹೋಗುವ ಕಾಯಿಲೆ ಇರುವ ಹುಡುಗನ ತಾಯಿ. ರೋಗನಿರೋಧಕ ಶಕ್ತಿಯ ಜೀನ್‌ಗಳಿಗೂ ಈ ಕಾಯಿಲೆಗೂ ನಂಟಿದೆ ಅಂತ ಎಲ್ಲೋ ಓದಿದ್ದರಂತೆ.

ಓದಿದ್ದು ಸುಳ್ಳಲ್ಲ. ನಮ್ಮ 6ನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿದೆ. ಯಾವುದು ತನ್ನದು, ಯಾವುದು ಹೊರಗಿನದು ಅಂತ ದೇಹ ಗುರುತು ಹಿಡಿಯುವುದು ಇವುಗಳ ನೆರವಿನಿಂದ. 2021ರಲ್ಲಿ ಸುಮಾರು 42 ಸಾವಿರ ಬೈಪೋಲಾರ್ ರೋಗಿಗಳ ಡಿಎನ್‌ಎ ಜಾಲಾಡಿದಾಗ ಕಾಯಿಲೆಗೆ ನಂಟಿರುವ 64 ಜಾಗಗಳು ಸಿಕ್ಕವು. ಅದರಲ್ಲಿ ಈ ಜಾಗವೂ ಒಂದು. ಆದರೆ ಒಂದೊಂದರ ಪಾಲೂ ಚಿಟಿಕೆಯಷ್ಟೇ. ಚಿಕ್ಕವಳಿಗೆ ಕಾಯಿಲೆ ಬರುತ್ತದೋ ಇಲ್ಲವೋ ಅಂತ ಹೇಳುವ ಟೆಸ್ಟ್ ಇಲ್ಲ. ಯಾರಾದರೂ ಮಾರಲು ಬಂದರೆ ಸುಮ್ನೆ ದುಡ್ಡು ದಂಡ.

ಅವರಿಗೆ ಟೆಸ್ಟ್ ಚೀಟಿ ಬರೆದುಕೊಟ್ಟೆ, ಆದರೆ ಮಗನ ಹೆಸರಿಗೆ. ಅವನಿಗೆ ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಒಗ್ಗಿರಲಿಲ್ಲ, ಕಾರ್ಬಮಜೆಪೈನ್ ಕೊಡುವ ಯೋಚನೆಯಿತ್ತು. ಟೆಗ್ರೆಟಾಲ್ ಅಂದರೆ ನಿಮಗೆ ಗೊತ್ತಾಗಬಹುದು, ಫಿಟ್ಸ್‌ಗೂ ಕೊಡುತ್ತಾರೆ. ಒಳ್ಳೆಯ ಮಾತ್ರೆ. ಆದರೆ ಎಚ್‌ಎಲ್‌ಎ-ಬಿ 1502 ಎಂಬ ಬಗೆಯ ಜೀನ್ ಇದ್ದವರಲ್ಲಿ ಕೆಲವರಿಗೆ ಇದು ವಿಷವಾಗುತ್ತದೆ. ಆ ಜೀನಿನ ಪ್ರೋಟೀನು ಔಷಧಿಯನ್ನು ಹಿಡಿದು ತೋರಿಸುತ್ತದೆ. ಕಾವಲು ಕಾಯುವ ಟಿ ಕಣಗಳು ವೈರಿ ಬಂದ ಅಂತ ತಮ್ಮದೇ ಚರ್ಮದ ಮೇಲೆ ಬೀಳುತ್ತವೆ. ಬಾಯಿ, ಕಣ್ಣು ಹುಣ್ಣಾಗಿ, ಸುಟ್ಟವರ ಹಾಗೆ ಚರ್ಮ ಸುಲಿಯುತ್ತದೆ. ಇದೇ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಜೀವಕ್ಕೇ ಅಪಾಯ. ಮಗನಿಗೆ ಬರೆದ ಟೆಸ್ಟ್ ಈ ಜೀನ್ ಇದೆಯೋ ಅಂತ ನೋಡುವುದಕ್ಕೇ.

2004ರಲ್ಲಿ ತೈವಾನಿನಲ್ಲಿ ಹೀಗಾದ 44 ಜನರನ್ನು ನೋಡಿದರು. ಅಷ್ಟೂ ಜನರಲ್ಲಿ ಈ ಜೀನ್ ಇತ್ತು! ಆಮೇಲೆ ಅಲ್ಲೇ 4,800ಕ್ಕೂ ಹೆಚ್ಚು ಜನರಿಗೆ ಮೊದಲೇ ಟೆಸ್ಟ್ ಮಾಡಿ, ಜೀನ್ ಇದ್ದವರಿಗೆ ಬೇರೆ ಔಷಧಿ ಕೊಟ್ಟರು. ಒಬ್ಬರಿಗೂ ಆ ತೊಂದರೆ ಬರಲಿಲ್ಲ. ನಮ್ಮ ದೇಶದ್ದೂ ಒಂದು ಚಿಕ್ಕ ವರದಿ 2009ರಲ್ಲಿ ಬಂತು: ಈ ಮಾತ್ರೆಯಿಂದ ಹೀಗಾದ 8 ರೋಗಿಗಳಲ್ಲಿ 6 ಜನರಿಗೆ ಇದೇ ಜೀನ್.

ರಿಪೋರ್ಟ್ ನೆಗೆಟಿವ್ ಬಂತು ಅಂತ ಮೈಮರೆಯುವ ಹಾಗಿಲ್ಲ. ಬೇರೆ ಜೀನ್‌ಗಳೂ ಈ ಆಟ ಆಡುತ್ತವೆ. ಮೊದಲ ಎರಡು-ಮೂರು ತಿಂಗಳು ಕಣ್ಣಿಡಬೇಕು. ಜ್ವರ, ಕಣ್ಣುರಿ, ಬಾಯಿಹುಣ್ಣು, ಮೈಮೇಲೆ ಗುಳ್ಳೆ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ, "ಹೀಟ್ ಆಗಿರ್ಬೇಕು" ಅಂತ ಎಳನೀರು ಕುಡಿದು ಕಾಯಬೇಡಿ. ವರ್ಷಗಳಿಂದ ಇದೇ ಮಾತ್ರೆ ನುಂಗಿ ಆರಾಮಾಗಿರುವವರು ಮಾತ್ರ ಇದನ್ನು ಓದಿ ಹೆದರಿ ನಿಲ್ಲಿಸಬೇಡಿ. ನಿಮಗೆ ಈ ಟೆಸ್ಟೂ ಬೇಕಿಲ್ಲ.