ಅಕ್ಷರ ಬಂದ ಮಗು ಓದಿನಲ್ಲಿ ಎಡವುವುದೇಕೆ?

ಮೂರನೇ ತರಗತಿಯ ಮಗುವಿಗೆ ವರ್ಣಮಾಲೆ, ಕಾಗುಣಿತ ಎಲ್ಲ ಬಾಯಿಪಾಠ. ಪಾಠ ಓದಿಸಿದರೆ ಮಾತ್ರ ತಡವರಿಕೆ. ಏನು ಓದಿದೆ ಎಂದು ಕೇಳಿದರೆ ಮುಖ ನೋಡುತ್ತದೆ. ‘ಗಮನವೇ ಇಲ್ಲ’ ಎಂಬ ಬೈಗುಳ ಬೀಳುವುದು ಆಗಲೇ. ಎಷ್ಟೋ ಸಲ ಗಮನ ಇರುತ್ತದೆ, ಅದು ಅಕ್ಷರ ಬಿಡಿಸುವುದರಲ್ಲೇ ಖರ್ಚಾಗಿರುತ್ತದೆ.

ಗಮನವನ್ನು ಹಿಡಿತದಲ್ಲಿಟ್ಟು ನಡೆಸುವ ಮನಸ್ಸಿನ ಸಾಮರ್ಥ್ಯಕ್ಕೆ ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಕೆಲಸ: ಬೇಕಾದ್ದನ್ನು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವ ಕಾರ್ಯಸ್ಮೃತಿ, ಮೊದಲು ನಾಲಿಗೆಗೆ ಬಂದ ಉತ್ತರವನ್ನು ತಡೆಯುವುದು, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು. ಕನ್ನಡ ಲಿಪಿ ಮೂರನ್ನೂ ಚೆನ್ನಾಗಿಯೇ ದುಡಿಸಿಕೊಳ್ಳುತ್ತದೆ.

‘ಶಕ್ತಿ’ ನೋಡಿ. ಗುಡಿಸು ಅಂಟಿರುವುದು ಕಕಾರಕ್ಕೆ, ಆ ಸ್ವರ ಕೇಳಿಸುವುದು ತ ಒತ್ತಿನ ನಂತರ. ಕಣ್ಣಿಗೆ ಕಂಡ ‘ಕಿ’ಯನ್ನು ತಡೆದು, ಇಕಾರವನ್ನು ನೆನಪಿನಲ್ಲಿಟ್ಟು, ಕೆಳಗಿನ ಒತ್ತನ್ನು ನೋಡಿ ಬಂದು ಸೇರಿಸಬೇಕು. ತಡೆಯಲಾಗದಿದ್ದರೆ ‘ಶಕಿತ’. ‘ಸೂರ್ಯ’ದಲ್ಲಿ ಅರ್ಕಾವತ್ತು ಯಕಾರದ ಬಲಕ್ಕಿದೆ, ಉಚ್ಚಾರ ಮಾತ್ರ ಅದಕ್ಕಿಂತ ಮೊದಲು, ‘ಸೂಯರ’ ಹುಟ್ಟುವುದು ಹೀಗೆ. ಒತ್ತಕ್ಷರ ಸಲೀಸಾಗಲು ನಾಲ್ಕೈದನೇ ತರಗತಿಯವರೆಗೆ ಹಿಡಿಯುವುದು ಅಪರೂಪವೇನಲ್ಲ.

ವಾಕ್ಯದ ಹೊರೆ ಬೇರೆ. ‘ಸಂತೆಯಲ್ಲಿ ಅಜ್ಜಿ ಕೊಂಡ ಕೊಡೆಯನ್ನು ಬಸ್ಸಿನಲ್ಲಿ ಮರೆತ ತಮ್ಮ ಅಳುತ್ತಿದ್ದ.’ ಕ್ರಿಯಾಪದ ಬರುವವರೆಗೆ ಅಜ್ಜಿ, ಕೊಡೆ, ಬಸ್ಸು ಎಲ್ಲವನ್ನೂ ಹೊತ್ತು ನಡೆಯಬೇಕು. ಮರೆತವರು ಯಾರು ಎಂದರೆ ‘ಅಜ್ಜಿ’ ಎನ್ನುವ ಮಕ್ಕಳುಂಟು.

ತೊಡಕು ಎಲ್ಲಿದೆ ಎಂದು ತಿಳಿಯಲು ಇದೇ ವಾಕ್ಯವನ್ನು ನೀವು ಓದಿ ಹೇಳಿ, ಅದೇ ಪ್ರಶ್ನೆ ಕೇಳಿ. ಕೇಳಿದಾಗ ಅರ್ಥವಾಗಿ ಓದಿದಾಗ ಆಗದಿದ್ದರೆ ಹೊರೆ ಲಿಪಿಯದು. ಕೇಳಿದರೂ ತಪ್ಪಿದರೆ ಒಡೆದು ಹೇಳಿ: ‘ಅಜ್ಜಿ ಕೊಡೆ ಕೊಂಡಳು. ತಮ್ಮ ಅದನ್ನು ಬಸ್ಸಿನಲ್ಲಿ ಮರೆತ.’ ಈಗ ತಿಳಿದರೆ ಕಾರ್ಯಸ್ಮೃತಿಯನ್ನೂ ವಾಕ್ಯರಚನೆಯ ಪರಿಚಯವನ್ನೂ ಗಮನಿಸಬೇಕು. ಇದು ಸುಳಿವು ಮಾತ್ರ, ರೋಗನಿರ್ಣಯವಲ್ಲ. ಕಣ್ಣು, ಕಿವಿಯ ಪರೀಕ್ಷೆ ಇದಕ್ಕೂ ಮೊದಲೇ ಆಗಿರಲಿ.

ಲಿಪಿಯ ಹೊರೆ ಇಳಿಸಲು ಒಂದೇ ಒತ್ತಿನ ಐದಾರು ಪದ ಸಾಕು: ಶಕ್ತಿ, ಭಕ್ತಿ, ಮುಕ್ತಿ, ಸೂಕ್ತಿ, ಯುಕ್ತಿ. ನಂತರ 60–80 ಪದಗಳ ಒಂದೇ ಭಾಗವನ್ನು ಮೂರು ನಾಲ್ಕು ದಿನ, ದಿನಕ್ಕೆ ಹತ್ತು ನಿಮಿಷ ಓದಿಸಿ. ಬಾಯಿಪಾಠವಾಗಿಬಿಟ್ಟಿದೆಯೇ ಎಂಬ ಅನುಮಾನ ಬಂದರೆ ಅದೇ ಪದಗಳನ್ನು ಹೊಸ ವಾಕ್ಯದಲ್ಲಿ ಕೊಟ್ಟು ನೋಡಿ. ಮೊದಲಕ್ಷರ ನೋಡಿ ಊಹಿಸುವ ಮಗುವಿಗೆ ‘ನಿಧಾನ ಓದು’ ಎನ್ನುವುದರಿಂದ ಪ್ರಯೋಜನ ಕಡಿಮೆ. ಕಪ್ಪು–ಕಪ್ಪೆ, ಹಳ್ಳ–ಹಳ್ಳಿ ಜೋಡಿ ಕೊಟ್ಟರೆ ಕೊನೆಯವರೆಗೆ ನೋಡಲೇಬೇಕಾಗುತ್ತದೆ. ‘ಮಾಡಬೇಕಾಗಿದ್ದರಿಂದ’ದಂಥ ಉದ್ದ ಪದವನ್ನು ‘ಮಾಡಬೇಕು’, ‘ಆಗಿದ್ದರಿಂದ’ ಎಂದು ಬಿಡಿಸಿ ತೋರಿಸಿ, ಕೂಡಿಸಿ ಮತ್ತೊಮ್ಮೆ ಓದಿಸಿ. ಈ ಕೂಡಿಸುವ ಹಂತವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ನೆನಪಿನ ಶಕ್ತಿ ಹೆಚ್ಚಿಸುವ ಆಟದ ಆ್ಯಪ್‌ಗಳಿಗೆ ಹಣ ಸುರಿಯಬೇಡಿ. 2013ರಲ್ಲಿ ಸಂಶೋಧಕರಾದ ಮೆಲ್ಬಿ-ಲರ್ವಾಗ್ ಮತ್ತು ಹ್ಯೂಮ್ ಇಂಥ ತರಬೇತಿಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅದೇ ಬಗೆಯ ಆಟದಲ್ಲಿ ತರಬೇತಿ ಪಡೆದವರು ಸುಧಾರಿಸಿದ್ದರು. ಪದ ಓದುವುದಕ್ಕೆ ಆ ಲಾಭ ದಾಟಿದ್ದು ಕಾಣಲಿಲ್ಲ. ಓದು ಸುಧಾರಿಸಲು ಓದನ್ನೇ ಮಾಡಿಸಬೇಕು.

ಆರು ತಿಂಗಳ ನಿಯಮಿತ ಅಭ್ಯಾಸದ ನಂತರವೂ ಅಲ್ಲೇ ನಿಂತಿದ್ದರೆ, ಅಥವಾ ಓದಿನಾಚೆಯ ಕೆಲಸಗಳಲ್ಲೂ ಚಂಚಲತೆ ಎದ್ದು ಕಂಡರೆ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು. ಡಿಸ್ಲೆಕ್ಸಿಯಾ (ಓದುವ ಕಲಿಕೆಯ ತೊಂದರೆ) ಮತ್ತು ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಒಂದೇ ಮಗುವಿನಲ್ಲಿ ಇರುವುದು ಸಾಮಾನ್ಯ, ಹಾಗಾಗಿ ಎರಡಕ್ಕೂ ತಪಾಸಣೆ ಕೇಳಿ. ಹೋಗುವಾಗ ಮಗುವಿನ ನೋಟ್‌ಬುಕ್ ಮತ್ತು ಓದುವಾಗ ಆದ ತಪ್ಪುಗಳನ್ನು ಇದ್ದಂತೆಯೇ ಬರೆದಿಟ್ಟ ಹಾಳೆ ಒಯ್ಯಿರಿ.