ಸ್ಪೆಕ್ಟ್ರಮ್‌ನ ಹೋಮಾಲಜಿ ಅಂದರೆ ಯಾವ ಸ್ಪೇಸ್‌ನ ಹೋಮಾಲಜಿ?

ಪ್ರಶ್ನೆ: ಸ್ಪೆಕ್ಟ್ರಮ್ ಅಂದರೆ ಸ್ಪೇಸ್‌ಗಳ ಕೊನೆಯಿಲ್ಲದ ಒಂದು ಸಾಲು. ಹಾಗಿದ್ದ ಮೇಲೆ ಅದರ ಹೋಮಾಲಜಿಯನ್ನು ಯಾವ ಸ್ಪೇಸ್‌ನಿಂದ ತೆಗೆಯಬೇಕು? ಮೊದಲನೆಯದರಿಂದಲಾ?
(ಎಂಎಸ್ಸಿ ಗಣಿತದ ವಿದ್ಯಾರ್ಥಿನಿ, ಬಳ್ಳಾರಿ)

ಈ ಪ್ರಶ್ನೆ ಬಹಳ ಮಂದಿ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆಯೂ ಹೌದು. ಹೋಮಾಲಜಿ ಅಂದರೆ ಒಂದು ಸ್ಪೇಸ್‌ನ, ಅಂದರೆ ಆಕಾರದ, ತೂತುಗಳನ್ನು ಡಿಗ್ರಿವಾರು ಹಿಡಿಯುವ ಲೆಕ್ಕ. ಉತ್ತರ: ಯಾವ ಒಂದು ಸ್ಪೇಸೂ ಅಲ್ಲ. ಸಾಲಿನುದ್ದಕ್ಕೂ ನಡೆದು, ಕೊನೆತನಕ ಉಳಿಯುವುದನ್ನು ಹಿಡಿಯಬೇಕು.

ನಾನು ಮಾನ್ವಿ ಕಡೆಯವನು. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಮುನಿರಾಬಾದಿನಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋದು ಪೇಪರಿನಲ್ಲಿ ಬರುತ್ತದೆ. ಆದರೆ ಕೊನೆಭಾಗದವರು ಕೇಳೋದು ಒಂದೇ: ನಮ್ಮ ತನಕ ಎಷ್ಟು ಬಂತು? ಗಂಗಾವತಿಯಲ್ಲಿ ಇದ್ದು ಸಿಂಧನೂರಿನ ಹೊತ್ತಿಗೆ ಇಂಗಿಹೋದ ನೀರು ನಮ್ಮ ಲೆಕ್ಕಕ್ಕಿಲ್ಲ. ನಡುವೆ ಹಳ್ಳದಿಂದ ಸೇರಿದ ನೀರು ನಮ್ಮ ತನಕ ಬಂದರೆ ಅದೂ ಲೆಕ್ಕಕ್ಕೆ. ಸ್ಪೆಕ್ಟ್ರಮ್‌ನ ಹೋಮಾಲಜಿಯೂ ಹೀಗೇ ಕೊನೆಭಾಗದ ಲೆಕ್ಕ. ಗಣಿತದಲ್ಲಿ ಇದಕ್ಕೆ ಕೊಲಿಮಿಟ್ ಅನ್ನುತ್ತಾರೆ.

ಈಗ ಸಾಲಿನ ಜೋಡಣೆ ನೋಡೋಣ. ಪ್ರತಿ ಸ್ಪೇಸ್‌ನ ಸಸ್ಪೆನ್ಷನ್‌ನಿಂದ ಮುಂದಿನ ಸ್ಪೇಸ್‌ಗೆ ಒಂದು ಮ್ಯಾಪ್ ಇರುತ್ತದೆ. ಸಸ್ಪೆನ್ಷನ್ ಅಂದರೆ? ಒಂದು ವೃತ್ತ ಬರೆಯಿರಿ. ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ ಇಡಿ. ವೃತ್ತದ ಪ್ರತಿ ಬಿಂದುವಿನಿಂದ ಎರಡೂ ಚುಕ್ಕೆಗೆ ದಾರ ಎಳೆದರೆ ಒಳಗೆ ಟೊಳ್ಳಾದ ಬುಗುರಿ ಸಿಗುತ್ತದೆ. ಟೊಪಾಲಜಿಯ ಕಣ್ಣಿಗೆ ಅದು ಗೋಳದ ಮೈ. ವೃತ್ತದ ತೂತು 1ನೇ ಡಿಗ್ರಿಯಲ್ಲಿತ್ತು, ಬುಗುರಿಯ ಪೊಳ್ಳು 2ನೇ ಡಿಗ್ರಿಯಲ್ಲಿದೆ. ತೂತು ಅದೇ, ಡಿಗ್ರಿ ಮಾತ್ರ ಒಂದು ಮೇಲೆ ಹೋಯಿತು.

ಹಾಗಾಗಿ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟಾಗ ಡಿಗ್ರಿಯನ್ನೂ ಒಂದು ಏರಿಸಬೇಕು. ಸ್ಪೆಕ್ಟ್ರಮ್‌ನ 3ನೇ ಹೋಮಾಲಜಿ ಬೇಕಾ? 10ನೇ ಸ್ಪೇಸ್‌ನಲ್ಲಿ 13ನೆಯದನ್ನು ನೋಡಿ, 11ನೆಯದರಲ್ಲಿ 14ನೆಯದನ್ನು, ಹೀಗೆ ಮುಂದಕ್ಕೆ. ಮೈನಸ್ 3 ಬೇಕಾದರೆ 10ನೆಯದರಲ್ಲಿ 7. ನೆಗೆಟಿವ್ ಡಿಗ್ರಿ ಎಲ್ಲಿಂದ ಬಂತು ಅಂತ ಗಾಬರಿ ಬೇಡ, ಅದು ಸುಮ್ನೆ ಈ ಎಣಿಕೆಯಿಂದ ಬಂದದ್ದು. ಎಲ್ಲ ಕಡೆ ರೆಡ್ಯೂಸ್ಡ್ ಹೋಮಾಲಜಿ (ಒಂದೇ ಬಿಂದುವಿಗೆ ಸೊನ್ನೆ ಬರುವಂತೆ ಮಾಡಿದ್ದು) ಅಂತಲೇ ತಿಳಿಯಿರಿ.

ಮೊದಲು ಗೋಳಗಳ ಸಾಲು ಹಿಡಿಯಿರಿ: 1ನೇ ಸ್ಪೇಸ್ ವೃತ್ತ, 2ನೆಯದು ಗೋಳದ ಮೈ, ಹೀಗೆ ಒಂದೊಂದು ಆಯಾಮ ಏರುತ್ತದೆ. ಇಲ್ಲಿ ಏನೂ ಇಂಗುವುದಿಲ್ಲ, ಏನೂ ಸೇರುವುದಿಲ್ಲ. 0ನೇ ಡಿಗ್ರಿಯಲ್ಲಿ ಪೂರ್ಣಾಂಕಗಳು, ಬೇರೆಲ್ಲ ಕಡೆ ಸೊನ್ನೆ. ಇದೇ ಸ್ಪೆಕ್ಟ್ರಮ್‌ನ ಹೋಮೊಟೋಪಿ (ಗೋಳಗಳಿಂದ ಬರುವ ಮ್ಯಾಪ್‌ಗಳ ಲೆಕ್ಕ) ಮಾತ್ರ ಬಲು ಕಷ್ಟ: 1 ಮತ್ತು 2ನೇ ಡಿಗ್ರಿಯಲ್ಲಿ 2 ಸದಸ್ಯರ ಗ್ರೂಪ್, 3ನೆಯದರಲ್ಲಿ 24 ಸದಸ್ಯರದು. ಎರಡನ್ನೂ ಬೆರೆಸಿಕೊಳ್ಳಬೇಡಿ. ಹೋಮಾಲಜಿ ಎಷ್ಟೋ ಸುಲಭ. ಅದಕ್ಕೇ ಮೊದಲು ಅದನ್ನು ಹಿಡಿದು, ಅಲ್ಲಿಂದ ಹೋಮೊಟೋಪಿ ಕಡೆ ಹೋಗುವುದು.

ನನಗೆ ತುಂಬಾ ಇಷ್ಟವಾದ ಲೆಕ್ಕ ಕಾಂಪ್ಲೆಕ್ಸ್ ಕೆ-ಥಿಯರಿ ಅನ್ನುವ ಸ್ಪೆಕ್ಟ್ರಮ್‌ನದು, ಕಾಂಪ್ಲೆಕ್ಸ್ ವೆಕ್ಟರ್ ಬಂಡಲ್‌ಗಳ ಲೆಕ್ಕದಿಂದ ಹುಟ್ಟಿದ್ದು. ಇದನ್ನು ಕೂತು ಕೈಯಾರೆ ಮಾಡಿ. ರೌಲ್ ಬಾಟ್ 1959ರಲ್ಲಿ ಪ್ರಕಟಿಸಿದ ಫಲಿತಾಂಶದಿಂದಾಗಿ ಈ ಸಾಲಿನಲ್ಲಿ ಎರಡು ಹೆಜ್ಜೆಗೊಮ್ಮೆ ಅದೇ ಸ್ಪೇಸ್ ಮರಳಿ ಬರುತ್ತದೆ. ಅದರ ಹೋಮಾಲಜಿ ಒಂದು ಪಾಲಿನಾಮಿಯಲ್ ರಿಂಗ್, 2, 4, 6 ಹೀಗೆ ಪ್ರತಿ ಸಮ ಡಿಗ್ರಿಗೆ ಒಂದೊಂದು ಜನರೇಟರ್ (ಉಳಿದೆಲ್ಲವನ್ನೂ ಗುಣಿಸಿ, ಕೂಡಿಸಿ ಕಟ್ಟುವ ಮೂಲ ಪದ). ಸಸ್ಪೆನ್ಷನ್ ದಾಟುವಾಗ ಗುಣಿಸಿ ಬಂದ ಪದಗಳೆಲ್ಲ ಸಾಯುತ್ತವೆ, ಜನರೇಟರ್ ಮಾತ್ರ ಉಳಿಯುತ್ತದೆ. ಎರಡೆರಡು ಹೆಜ್ಜೆಗೆ ಒಂದು ನಿಲ್ದಾಣ ಅಂತ ಇಟ್ಟುಕೊಂಡರೆ, ಪ್ರತಿ ನಿಲ್ದಾಣದಲ್ಲೂ ಬರೀ ಪೂರ್ಣಾಂಕಗಳ ಒಂದು ಪ್ರತಿ. ಹಾಗಾದರೆ ಉತ್ತರವೂ ಪೂರ್ಣಾಂಕಗಳೇ ಅಲ್ವಾ?

ಅಲ್ಲ. ನಿಲ್ದಾಣ ನೋಡಿದರೆ ಸಾಲದು, ನಡುವಿನ ಮ್ಯಾಪ್ ನೋಡಬೇಕು. ಪ್ಲಸ್ ಮೈನಸ್ ಚಿಹ್ನೆ ಬಿಟ್ಟರೆ ಮೊದಲ ಮ್ಯಾಪ್ 1ರಿಂದ ಗುಣಿಸುತ್ತದೆ, ಎರಡನೆಯದು 2ರಿಂದ, ಮೂರನೆಯದು 3ರಿಂದ, ಹೀಗೇ ಏರುತ್ತಾ ಹೋಗುತ್ತದೆ. ಜೋಳ ಅಳೆಯುವ ಸೇರು ನೆನಪಿಸಿಕೊಳ್ಳಿ. ಇಲ್ಲಿ 1 ಅಂದದ್ದು ಮುಂದೆ 2 ಅನ್ನಿಸಿಕೊಂಡರೆ, ಮುಂದಿನವರ ಅಳತೆ ಅಚ್ಚೇರು ಅಂತಾಯಿತು. ಅದರ ಮುಂದಿನವರು ಆ ಅಚ್ಚೇರನ್ನೇ 3 ಅಂದರೆ ಅವರ ಅಳತೆ ನಮ್ಮ ಸೇರಿನ ಆರನೇ ಒಂದು ಪಾಲು. ಆಮೇಲೆ 24ನೇ ಒಂದು, 120ನೇ ಒಂದು. ಕೊನೆಗೆ ಯಾವ ಭಿನ್ನರಾಶಿ ಕೇಳಿದರೂ ಎಲ್ಲೋ ಒಂದು ನಿಲ್ದಾಣದಲ್ಲಿ ಅದಕ್ಕೆ ಅಳತೆ ಇದ್ದೇ ಇರುತ್ತದೆ. ಉತ್ತರ: ಪ್ರತಿ ಸಮ ಡಿಗ್ರಿಯಲ್ಲೂ, ನೆಗೆಟಿವ್ ಕಡೆಯೂ ಸೇರಿ, ಎಲ್ಲ ಭಿನ್ನರಾಶಿಗಳು. ಬೆಸ ಡಿಗ್ರಿಯಲ್ಲಿ ಸೊನ್ನೆ.

ಇನ್ನು ಮಾಡ್ಯುಲೊ 5, ಅಂದರೆ 5ರ ಗುಣಕಗಳನ್ನೆಲ್ಲ ಸೊನ್ನೆ ಅಂತ ಹಿಡಿದು, ಲೆಕ್ಕ ಹಾಕಿ ನೋಡಿ. ಐದನೇ ಮ್ಯಾಪ್ 5ರಿಂದ ಗುಣಿಸುತ್ತದೆ, ಅಂದರೆ ಸೊನ್ನೆಯಿಂದ. ಅಲ್ಲಿತನಕ ಬಂದದ್ದೆಲ್ಲ ಮುಗಿಯಿತು. ಆಮೇಲೆ ಹೊಸದಾಗಿ ಸೇರಿದ್ದು ಹತ್ತನೆಯದರಲ್ಲಿ ಮುಗಿಯುತ್ತದೆ. ಕೊನೆಭಾಗಕ್ಕೆ ಒಂದು ಹನಿಯೂ ಬರುವುದಿಲ್ಲ. ಯಾವ ಅವಿಭಾಜ್ಯ ಸಂಖ್ಯೆ ಹಿಡಿದರೂ ಇದೇ ಗತಿ.

ಎಲ್ಲ ಸ್ಪೆಕ್ಟ್ರಮ್‌ಗೂ ಹೀಗೆ ಸಾಲು ಹಿಡಿದು ನಡೆಯಬೇಕಿಲ್ಲ. ಥಾಮ್ ಸ್ಪೆಕ್ಟ್ರಮ್ (ವೆಕ್ಟರ್ ಬಂಡಲ್‌ಗಳಿಂದ ಕಟ್ಟಿದ್ದು) ಆದರೆ ಬಹಳ ಸಲ ಥಾಮ್ ಐಸೊಮಾರ್ಫಿಸಂ ಒಂದೇ ಏಟಿಗೆ ಕೆಲಸ ಮುಗಿಸುತ್ತದೆ. ಮಾಡ್ಯುಲೊ 2 ಐಲೆನ್‌ಬರ್ಗ್-ಮ್ಯಾಕ್ಲೇನ್ ಸ್ಪೆಕ್ಟ್ರಮ್‌ನ (ಇದರ ಹೋಮೊಟೋಪಿ 0ನೇ ಡಿಗ್ರಿಯಲ್ಲಿ ಮಾತ್ರ) ಮಾಡ್ಯುಲೊ 2 ಹೋಮಾಲಜಿಯನ್ನು ಜಾನ್ ಮಿಲ್ನರ್ 1958ರಲ್ಲೇ ಬಿಡಿಸಿಟ್ಟಿದ್ದಾರೆ: 1, 3, 7, 15 ಹೀಗೆ ಹೋಗುವ ಡಿಗ್ರಿಗಳಲ್ಲಿ ಒಂದೊಂದು ಜನರೇಟರ್ ಇರುವ ಪಾಲಿನಾಮಿಯಲ್ ರಿಂಗ್.

ಒಂದು ಎಚ್ಚರಿಕೆ ಮಾತ್ರ ಇರಲಿ. ಕನೆಕ್ಟಿವ್ ಕೆ-ಥಿಯರಿ ಅಂತ ಇನ್ನೊಂದಿದೆ, ಹೋಮೊಟೋಪಿಯ ನೆಗೆಟಿವ್ ಭಾಗವನ್ನು ಕತ್ತರಿಸಿದ್ದು. ಹೆಸರು ಹತ್ತಿರ, ಆದರೆ ಸಾಲಿನ ಸ್ಪೇಸ್‌ಗಳು ಬೇರೆ. ಅದರ 0ನೇ ಹೋಮಾಲಜಿ ಪೂರ್ಣಾಂಕಗಳೇ, ಮಾಡ್ಯುಲೊ 5 ತೆಗೆದರೂ ಸೊನ್ನೆಯಾಗುವುದಿಲ್ಲ. ಪರೀಕ್ಷೆಯಲ್ಲಿ ಕೆ-ಥಿಯರಿ ಅಂತ ಕಂಡರೆ, ಎರಡರಲ್ಲಿ ಯಾವುದು ಅಂತ ಮೊದಲು ನೋಡಿಕೊಳ್ಳಿ.